ಊಟದ ನೆಪದ ಹಾರಾಟ: ಅರ್ಥ–ಅನರ್ಥಗಳ ಒಂದು ಜಿಜ್ಞಾಸೆ

ಅಮೆರಿಕದ ಹವ್ಯಾಸಿ ವಿಮಾನ ಚಾಲಕರ ಬಳಗದಲ್ಲಿ ‘ನೂರು ಡಾಲರಿನ ಹ್ಯಾಂಬರ್ಗರ್’ ಎಂಬ ನುಡಿಗಟ್ಟೊಂದು ಬಹುಕಾಲದಿಂದ ರೂಢಿಯಲ್ಲಿದೆ. ರಜೆಯ ದಿನ ಇಬ್ಬರು ಮೂವರು ಕೂಡಿ ಪುಟ್ಟ ವಿಮಾನವೊಂದನ್ನು ಬಾಡಿಗೆಗೆ ಪಡೆದು, ಅರ್ಧ ಮುಕ್ಕಾಲು ಗಂಟೆಯ ದೂರದಲ್ಲಿರುವ ಇನ್ನೊಂದು ಸಣ್ಣ ವಿಮಾನ ನಿಲ್ದಾಣಕ್ಕೆ ಹಾರಿ, ಅಲ್ಲಿಯ ಉಪಾಹಾರಗೃಹದಲ್ಲಿ ಮಧ್ಯಾಹ್ನದ ಊಟ ಮುಗಿಸಿ ಮರಳಿ ಬರುವುದು ಅಲ್ಲಿ ಸಾಮಾನ್ಯ ಸಂಗತಿ. ತಿನಿಸಿನ ಬೆಲೆ ಕೆಲವೇ ಡಾಲರು. ಹೋಗಿ ಬರುವ ವೆಚ್ಚವನ್ನು ಕೂಡಿಸಿದರೆ ನೂರು. ಆದ್ದರಿಂದ ಆ ಹೆಸರು. ಇಂಧನ ಅಗ್ಗವಾಗಿದ್ದ ಕಾಲದ ಲೆಕ್ಕವಿದು. ಈಗ ಅದೇ ಊಟ ಇನ್ನೂರೈವತ್ತು, ಮುನ್ನೂರು ಡಾಲರು ಮುಟ್ಟುತ್ತದೆ. ಹೆಸರು ಮಾತ್ರ ಹಾಗೆಯೇ ಉಳಿದಿದೆ. ಜಾನ್ ಪರ್ನರ್ ಎಂಬವರು ಇಂತಹ ಉಪಾಹಾರಗೃಹಗಳ ಕೈಪಿಡಿಯೊಂದನ್ನು ಇದೇ ಹೆಸರಿನಲ್ಲಿ ಹೊರತಂದಿದ್ದಾರೆ.

ಈ ವಿಷಯ ನಮ್ಮ ಮಂದಿರದ ಉತ್ಸವ ಸಂಚಿಕೆಯಲ್ಲಿ ಏಕೆ ಎಂದು ವಾಚಕರು ಕೇಳಬಹುದು. 2023ರ ಶರತ್ಕಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನೂ ಅಂತಹ ಒಂದು ಊಟಕ್ಕೆ ಹೋಗಿ ಬಂದೆ. ಶ್ರಾವಕನ ಅನರ್ಥದಂಡ ವ್ರತವನ್ನು ಬಾಲ್ಯದಲ್ಲಿ ಪಾಠಶಾಲೆಯ ಪಂಡಿತರು ನನ್ನಿಂದ ಬಾಯಿಪಾಠ ಮಾಡಿಸಿದ್ದರು. ಅದರ ಅರ್ಥವನ್ನು ಕುರಿತು ಒಂದು ಇಡೀ ದಿನ ಯೋಚಿಸಿದ್ದು ಮಾತ್ರ ಎಪ್ಪತ್ತು ದಾಟಿದ ಮೇಲೆ, ಸಮುದ್ರದ ಮೇಲೆ ಆರು ಸಾವಿರ ಅಡಿ ಎತ್ತರದಲ್ಲಿ.

ಮಗಳ ಮನೆ ಬ್ಯೂನಾ ಪಾರ್ಕ್ ಎಂಬ ಊರಿನ ಸಮೀಪ. ದಕ್ಷಿಣ ಕ್ಯಾಲಿಫೋರ್ನಿಯಾದ ಜೈನ ಕೇಂದ್ರದ ಮಂದಿರ ಇರುವುದು ಆ ಊರಿನ ಕಾಮನ್‌ವೆಲ್ತ್ ರಸ್ತೆಯಲ್ಲಿ. ಅದೇ ರಸ್ತೆಯಲ್ಲಿ ಕೆಲವೇ ಕಿಲೋಮೀಟರ್ ಪೂರ್ವಕ್ಕೆ ನಡೆದರೆ ಫುಲರ್ಟನ್ ನಗರದ ಸಣ್ಣ ವಿಮಾನ ನಿಲ್ದಾಣ. 1927ರಿಂದಲೂ ಇರುವ ಹಳೆಯ ನಿಲ್ದಾಣವದು. ದೊಡ್ಡ ವಿಮಾನಗಳು ಅಲ್ಲಿಗೆ ಬರುವುದಿಲ್ಲ. ಎರಡು, ನಾಲ್ಕು ಆಸನಗಳವೇ ಹೆಚ್ಚು. ಮಂದಿರದಲ್ಲಿ ಬೆಳಗಿನ ಪೂಜೆ ಮುಗಿಸಿ ಅಂಗಳಕ್ಕೆ ಬಂದರೆ ತಲೆಯ ಮೇಲೆ ಯಾವುದಾದರೊಂದು ಪುಟ್ಟ ವಿಮಾನ ಗೊರಗೊರ ಸದ್ದು ಮಾಡುತ್ತ ಪಶ್ಚಿಮಕ್ಕೆ ಸಾಗುತ್ತಿರುತ್ತಿತ್ತು. ಆ ಮಂದಿರದಲ್ಲಿ ಗುಜರಾತಿ, ಹಿಂದಿ, ಮರಾಠಿ, ತಮಿಳು ಎಲ್ಲವೂ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸ್ತೋತ್ರಕ್ಕೆ ಪ್ರಾಕೃತ–ಸಂಸ್ಕೃತ ಎಂದು ಬೆಳೆದ ಸೊಲ್ಲಾಪುರ ಸೀಮೆಯ ನನಗೆ ಅದು ಪರಸ್ಥಳವೆನಿಸಲಿಲ್ಲ.

ಅಲ್ಲಿ ಪರಿಚಯವಾದವನು ಅಳಿಯನ ಮಿತ್ರ, ಗುಜರಾತಿ ಶ್ರಾವಕ ಮನೆತನದ ಯುವಕ, ವೃತ್ತಿಯಿಂದ ಇಂಜಿನಿಯರ್. ಖಾಸಗಿ ವಿಮಾನ ಚಾಲನೆಯ ಪರವಾನಗಿ ಪಡೆದು ಆರು ವರ್ಷಗಳಾಗಿದ್ದವು. ಒಂದು ಭಾನುವಾರ ಪೂಜೆಯ ನಂತರ, “ಕಾಕಾ, ಶನಿವಾರ ಕ್ಯಾಟಲೀನಾ ದ್ವೀಪಕ್ಕೆ ಹೋಗೋಣ” ಎಂದ. ಏತಕ್ಕೆ ಎಂದು ಕೇಳಿದೆ. “ಊಟಕ್ಕೆ” ಎಂದ. ಆ ಉತ್ತರದಲ್ಲಿ ಯಾವ ಸಂಕೋಚವೂ ಇರಲಿಲ್ಲ.

ಕ್ಯಾಟಲೀನಾ ದ್ವೀಪ ಕರಾವಳಿಯಿಂದ ಸುಮಾರು 35 ಕಿಲೋಮೀಟರ್ ದೂರ. ಹಡಗಿನಲ್ಲಿ ಹೋದರೆ ಒಂದು ಗಂಟೆಯ ಹಾದಿ. ಎರಡು ಬೆಟ್ಟಗಳ ನೆತ್ತಿಯನ್ನು ಸಪಾಟು ಮಾಡಿ, ನಡುವಿನ ಕಣಿವೆಯನ್ನು ತುಂಬಿ, 1940ರ ದಶಕದಲ್ಲಿ ಅಲ್ಲೊಂದು ಓಡುದಾರಿಯನ್ನು ನಿರ್ಮಿಸಿದರು. ಸಮುದ್ರಮಟ್ಟದಿಂದ 1,602 ಅಡಿ ಎತ್ತರದಲ್ಲಿರುವ ಅದನ್ನು ‘ಆಕಾಶದಲ್ಲಿರುವ ವಿಮಾನ ನಿಲ್ದಾಣ’ ಎಂದೇ ಕರೆಯುತ್ತಾರೆ. ಓಡುದಾರಿಯ ಉದ್ದ 3,000 ಅಡಿ. ನಡುವೆ ಗೂನು, ತುದಿಯಲ್ಲಿ ಪ್ರಪಾತ. ಅಲ್ಲಿಯ ಉಪಾಹಾರಗೃಹದ ಹೆಸರುವಾಸಿ ತಿನಿಸು ಕಾಡೆಮ್ಮೆಯ ಹ್ಯಾಂಬರ್ಗರ್. ಚಲನಚಿತ್ರವೊಂದರ ಚಿತ್ರೀಕರಣಕ್ಕಾಗಿ 1924ರಲ್ಲಿ ತಂದುಬಿಟ್ಟ ಕಾಡೆಮ್ಮೆಗಳ ಸಂತತಿ ಆ ದ್ವೀಪದಲ್ಲಿ ಇಂದಿಗೂ ಅಲೆಯುತ್ತಿದೆ. ಅದರ ಸಂಖ್ಯೆ ಮಿತಿಮೀರದಂತೆ ಅವುಗಳಿಗೆ 2009ರಿಂದ ಗರ್ಭನಿರೋಧಕ ಚುಚ್ಚುಮದ್ದನ್ನು ಕೊಡಲಾರಂಭಿಸಿದರೆಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು. ಅದೇ ಬೆಟ್ಟದ ಮೇಲೆ ಅದೇ ಜಾತಿಯ ಪ್ರಾಣಿಯ ಮಾಂಸ ಬಡಿಸುವುದನ್ನು ನೋಡಿ ಆ ಸಮಾಧಾನ ಹೊರಟುಹೋಯಿತು.

ನಾವಿಬ್ಬರು ಅಲ್ಲಿ ತಿನ್ನಬಹುದಾದದ್ದು ಏನೂ ಇರಲಿಲ್ಲ. ಹುರಿದ ಆಲೂಗಡ್ಡೆಯೂ ಕಂದಮೂಲವೇ ತಾನೆ. ಮಗಳಿಗೆ ಇದು ಮೊದಲೇ ಗೊತ್ತಿತ್ತು. ಆದಕಾರಣ ಅವಳು ಕಡಕ್ ಭಾಕ್ರಿಯನ್ನೂ ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿಯನ್ನೂ ಡಬ್ಬಿಗೆ ತುಂಬಿ ಕಟ್ಟಿಕೊಟ್ಟಿದ್ದಳು. ಊಟಕ್ಕೆಂದು ಹಾರಿಹೋದವರ ಊಟ ಅವರೊಡನೆಯೇ, ಹಿಂದಿನ ಆಸನದಲ್ಲಿ, ಬೆಲ್ಟು ಬಿಗಿಸಿಕೊಂಡು ಹಾರಿತು. ಮನೆಯ ಮೇಜಿನ ಮೇಲೆಯೇ ಉಣ್ಣಬಹುದಾಗಿದ್ದ ಭಾಕ್ರಿಯನ್ನು ಸಮುದ್ರ ದಾಟಿಸಿ, ಬೆಟ್ಟ ಹತ್ತಿಸಿ, ಮುರಿದು ತಿಂದು ಬಂದೆವು. ಕುರ್ಚಿಯಲ್ಲಿ ಕುಳಿತ ಮರ್ಯಾದೆಗೆ ಎರಡು ಲೋಟ ನಿಂಬೆ ಪಾನಕಕ್ಕೆ ಹಣ ಕೊಟ್ಟೆವು.

ನಗು ಬಂದರೂ ಒಂದು ಪ್ರಶ್ನೆ ಆಗಲೇ ಮೊಳಕೆಯೊಡೆದಿತ್ತು. ಹಾಗಾದರೆ ನಾವು ಹೋದದ್ದು ಏತಕ್ಕೆ?

ಹಾರುವ ಮುನ್ನ ಅವನು ವಿಮಾನವನ್ನು ಪರೀಕ್ಷಿಸಿದ ರೀತಿಯನ್ನು ಇಲ್ಲಿ ಹೇಳಲೇಬೇಕು. ಅದು ಸೆಸ್ನಾ 172 ಎಂಬ ನಾಲ್ಕು ಆಸನದ ವಿಮಾನ. 1950ರ ದಶಕದಿಂದ ಈ ಮಾದರಿಯ 44,000ಕ್ಕೂ ಹೆಚ್ಚು ವಿಮಾನಗಳು ತಯಾರಾಗಿವೆ. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಮತ್ತೊಂದು ವಿಮಾನವಿಲ್ಲ. ಅವನು ಕೈಯಲ್ಲಿ ಪಟ್ಟಿ ಹಿಡಿದು ರೆಕ್ಕೆಯ ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ, ಎಣ್ಣೆ ಅಳೆದ, ಚಕ್ರದ ಬಳಿ ಮಂಡಿಯೂರಿ ಕುಳಿತ. ಬಳಿಕ ರೆಕ್ಕೆಯ ಅಡಿಯ ಪುಟ್ಟ ತೂಬಿಗೆ ಪಾರದರ್ಶಕ ಬಟ್ಟಲೊಂದನ್ನು ಒತ್ತಿ ಸ್ವಲ್ಪ ಇಂಧನ ಇಳಿಸಿಕೊಂಡು ಬೆಳಕಿಗೆ ಹಿಡಿದ. ತಳದಲ್ಲಿ ನೀರು ಸೇರಿದೆಯೇ, ಬಣ್ಣ ಸರಿಯಿದೆಯೇ ಎಂದು ನೋಡುವ ಕ್ರಮವದು. ಆ ಇಂಧನದ ಬಣ್ಣ ತಿಳಿನೀಲಿ. ಕಂಡರೆ ಅಷ್ಟು ನಿರ್ಮಲ. ನೀರನ್ನು ಸೋಸಿ ಕುಡಿಯುವ ಮನೆತನದ ಹುಡುಗ ಇಂಧನವನ್ನೂ ಹೀಗೆ ಸೋಸಿ ನೋಡುತ್ತಿದ್ದಾನಲ್ಲ ಎಂದು ನನಗೆ ಮೆಚ್ಚುಗೆಯಾಯಿತು. ನಮ್ಮ ಯತ್ನಾಚಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ ಎಂದೂ ಅಂದುಕೊಂಡೆ. ಆ ನೀಲಿ ಬಣ್ಣದ ಕಥೆ ನನಗೆ ಆಗ ತಿಳಿದಿರಲಿಲ್ಲ.

ಕಡಲಿನ ಮೇಲೆ ಅವನು 6,500 ಅಡಿಗೆ ಏರಿದ. ಇರುವುದು ಒಂದೇ ಎಂಜಿನ್. ಅದು ನಿಂತುಹೋದರೆ ಈ ವಿಮಾನ ಪ್ರತಿ ಸಾವಿರ ಅಡಿ ಎತ್ತರಕ್ಕೆ ಹೆಚ್ಚು ಕಡಿಮೆ ಒಂದೂವರೆ ನಾಟಿಕಲ್ ಮೈಲಿಯಷ್ಟು ತೇಲಿಹೋಗುತ್ತದೆ. ಅಷ್ಟು ಎತ್ತರದಲ್ಲಿದ್ದರೆ ನಡುಗಡಲಿನಲ್ಲಿಯೂ ಎರಡರಲ್ಲಿ ಒಂದು ದಡವನ್ನು ಮುಟ್ಟಬಹುದೆಂಬುದು ಅವನ ಲೆಕ್ಕ. ಕೆಳಗೆ ನೀರು ಸತುವಿನ ತಗಡಿನಂತೆ ಹೊಳೆಯುತ್ತಿತ್ತು. ಹಿಂದೆ ಮಹಾನಗರದ ಮಬ್ಬು, ಮುಂದೆ ಕಂದುಬಣ್ಣದ ದ್ವೀಪ. ಆ ಹೊತ್ತು ಸುಂದರವಾಗಿತ್ತು, ಇಲ್ಲವೆಂದರೆ ಅಸತ್ಯವಾಗುತ್ತದೆ.

ಮನಸ್ಸಿಗೆ ಬಂದದ್ದು ನನ್ನ ಅಜ್ಜ. ಅವರು ದಿಗ್ವ್ರತ ಸ್ವೀಕರಿಸಿದ್ದವರು. ನಾಲ್ಕು ದಿಕ್ಕು, ನಾಲ್ಕು ಉಪದಿಕ್ಕು, ಮೇಲೆ, ಕೆಳಗೆ ಎಂದು ಹತ್ತು ದಿಕ್ಕುಗಳಿಗೂ ಗೃಹಸ್ಥನು ತನ್ನ ಸಂಚಾರದ ಎಲ್ಲೆಯನ್ನು ಹಾಕಿಕೊಳ್ಳುವ ವ್ರತವದು. ಪೂರ್ವಕ್ಕೆ ಇಂತಹ ಊರು, ದಕ್ಷಿಣಕ್ಕೆ ಇಂತಹ ನದಿ ಎಂದು ಅಜ್ಜ ಹೇಳಿಕೊಂಡಿದ್ದರು. ಮೇಲಿನ ದಿಕ್ಕಿಗೆ ಕುಂಥಲಗಿರಿಯ ಬೆಟ್ಟದ ನೆತ್ತಿಯೇ ಅವರ ಗಡಿ. ಚಿಕ್ಕಂದಿನಲ್ಲಿ ನಾನು ಇದನ್ನು ಕೇಳಿ ನಕ್ಕಿದ್ದೆ. ಮನುಷ್ಯ ಮೇಲಕ್ಕೆ ಹೋಗುವುದು ಹೇಗೆ? ಅದಕ್ಕೊಂದು ಎಲ್ಲೆ ಏಕೆ? ಎರಡು ಸಾವಿರ ವರ್ಷಗಳಷ್ಟು ಹಿಂದಿನವರು ಊರ್ಧ್ವ ದಿಕ್ಕನ್ನೂ ಲೆಕ್ಕಕ್ಕೆ ಹಿಡಿದದ್ದು ಯಾವ ದೂರದೃಷ್ಟಿಯಿಂದಲೋ ನಾನರಿಯೆ. ಅದನ್ನು ಖಾಲಿ ಬಿಟ್ಟವನು ನಾನೇ ಎಂಬುದು ಮಾತ್ರ ಆ ದಿನ ತಿಳಿಯಿತು.

ದ್ವೀಪದಲ್ಲಿ ಇಳಿದ ಮೇಲೆ ಅವನು ಮೊದಲು ಮಾಡಿದ ಕೆಲಸ ಒಂದು ಬಟ್ಟೆ ಹಿಡಿದು ಮುಂಗಾಜನ್ನು ಒರೆಸಿದ್ದು. ಗಾಜಿನ ಮೇಲೆ, ರೆಕ್ಕೆಯ ಮುಂಚೂಣಿಯಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಹುಳುಗಳು ಅಂಟಿಕೊಂಡಿದ್ದವು. ಒರೆಸುತ್ತ ಅವನು ಮಾತು ನಿಲ್ಲಿಸಿದ್ದ. ಸೊಲ್ಲಾಪುರದಿಂದ ಹೊರಟ ಯಾವ ಕಾರಿನ ಗಾಜಿನ ಮೇಲೂ, ಅದು ತೀರ್ಥಕ್ಷೇತ್ರಕ್ಕೇ ಹೋಗುತ್ತಿರಲಿ, ಇಂತಹ ಚುಕ್ಕೆಗಳಿರುತ್ತವೆ. ನಾವು ಅವನ್ನು ನೋಡುವುದಿಲ್ಲ, ಅಷ್ಟೆ.

ಭಾಕ್ರಿ ಮುರಿಯುತ್ತ ನಾನು ಅವನನ್ನು ನೇರವಾಗಿ ಕೇಳಿದೆ: “ಇದು ಅನರ್ಥದಂಡವಲ್ಲವೇ?”

ಅನರ್ಥದಂಡವೆಂದರೆ ಪ್ರಯೋಜನವಿಲ್ಲದೆ ಜೀವಗಳಿಗೆ ಕೊಡುವ ದಂಡನೆ. ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಅದರ ಐದು ಬಗೆಗಳನ್ನು ಹೇಳುತ್ತಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಐದನೆಯದರಲ್ಲಿ ಫಲವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡ ಕಡಿಯುವುದು ಇವೆಲ್ಲ ಬರುತ್ತವೆ. ಅಷ್ಟೇ ಅಲ್ಲ, ತಾನು ವೃಥಾ ತಿರುಗುವುದು, ಇತರರನ್ನು ತಿರುಗಿಸುವುದು ಎಂಬ ಎರಡು ಮಾತುಗಳೂ ಅಲ್ಲಿವೆ. ಸೆಸ್ನಾ ವಿಮಾನದಲ್ಲಿ ಇವುಗಳಲ್ಲಿ ಎಷ್ಟು ಏಕಕಾಲಕ್ಕೆ ನಡೆದುವೆಂದು ಎಣಿಸಿಕೊಳ್ಳಬಹುದು: ಎಂಜಿನ್ನಿನಲ್ಲಿ ಬೆಂಕಿ, ಮುಂದೆ ಗಾಳಿ, ಎಡಗಡೆಯ ಆಸನದಲ್ಲಿ ತಿರುಗುವವನು, ಬಲಗಡೆಯಲ್ಲಿ ತಿರುಗಿಸಿಕೊಳ್ಳುವವನು. ಬಲಗಡೆಯವನು ನಾನು. ಮಾಡಿದವ, ಮಾಡಿಸಿದವ, ಅನುಮೋದಿಸಿದವ ಮೂವರಿಗೂ ಪಾಲಿದೆಯೆಂಬುದನ್ನು ನಾನು ಮರೆತಿರಲಿಲ್ಲ.

ಅವನ ಉತ್ತರ ಹಗುರವಾಗಿರಲಿಲ್ಲ. ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಬೇಕಾದರೆ ಚಾಲಕನು ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಬಾರಿ ಏರಿ ಮೂರು ಬಾರಿ ಇಳಿದಿರಬೇಕೆಂದು ಅಲ್ಲಿಯ ನಿಯಮ. ರಾತ್ರಿಯ ಪ್ರಯಾಣಕ್ಕೆ ರಾತ್ರಿಯ ಇಳಿತಗಳೇ ಬೇರೆ. ಅವು ತನಗೆ ಆಗಿರಲಿಲ್ಲವಾದ್ದರಿಂದ ಹೊತ್ತು ಮುಳುಗುವುದರೊಳಗೆ ಮರಳಬೇಕೆಂದು ಅವನು ಅವಸರ ಪಡಿಸುತ್ತಿದ್ದ. (ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಬೇಕೆಂದು ನಮ್ಮ ಮನೆಗಳಲ್ಲಿ ಅಮ್ಮಂದಿರು ಅವಸರ ಪಡಿಸುತ್ತಿದ್ದುದು ನೆನಪಾಯಿತು.) ವಿಮಾನ ಚಾಲನೆ ಈಜಿನಂತಲ್ಲ, ಬಿಟ್ಟರೆ ಕೈ ತಪ್ಪುತ್ತದೆ, ಕೈ ತಪ್ಪಿದವನು ಅಪಾಯಕಾರಿ. ಆದ್ದರಿಂದ ಚಾಲಕ ಆಗಾಗ ಹಾರಲೇಬೇಕು. ಸುಮ್ಮನೆ ಹಾರುವುದಕ್ಕಿಂತ ಎಲ್ಲಿಗಾದರೂ ಹೋಗಿ ಊಟ ಮಾಡಿ ಬಂದರೇನು ತಪ್ಪು? ಏಂಜೆಲ್ ಫ್ಲೈಟ್ ವೆಸ್ಟ್ ಎಂಬ ಸಂಸ್ಥೆಯ ಹೆಸರನ್ನೂ ಅವನು ಹೇಳಿದ. 1983ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಹವ್ಯಾಸಿ ಚಾಲಕರು ತಮ್ಮದೇ ಖರ್ಚಿನಲ್ಲಿ ದೂರದೂರುಗಳ ರೋಗಿಗಳನ್ನು ಆಸ್ಪತ್ರೆಗಳಿಗೆ ಕರೆದೊಯ್ಯುತ್ತಾರೆ. ಅದಕ್ಕೆ ಬೇಕಾದಷ್ಟು ಗಂಟೆಗಳ ಅನುಭವ ತನಗಿನ್ನೂ ಆಗಿಲ್ಲ. ಇಂತಹ ಊಟಗಳಿಂದಲೇ ಆ ಗಂಟೆಗಳು ಕೂಡುತ್ತವೆ ಎಂದ.

ಇನ್ನೊಂದು ಸಂಗತಿಯನ್ನು ಅವನು ನಗುತ್ತ ಹೇಳಿದ; ನನಗದು ಎಲ್ಲಕ್ಕಿಂತ ಸ್ವಾರಸ್ಯಕರವಾಗಿ ಕಂಡಿತು. ಖಾಸಗಿ ಪರವಾನಗಿಯವನು ಜನರನ್ನು ಬಾಡಿಗೆಗೆ ಸಾಗಿಸುವಂತಿಲ್ಲ. ಹಾರಾಟದ ಖರ್ಚನ್ನು ಪ್ರಯಾಣಿಕರೊಡನೆ ಹಂಚಿಕೊಳ್ಳಬಹುದು, ಆದರೆ ತನ್ನ ಪಾಲನ್ನು ತಾನು ಕೊಡಲೇಬೇಕು. ಹಾಗೆ ಹಂಚಿಕೊಳ್ಳಬೇಕಾದರೆ ಚಾಲಕನಿಗೂ ಪ್ರಯಾಣಿಕನಿಗೂ ಸಮಾನವಾದ ಒಂದು ಉದ್ದೇಶವಿರಬೇಕೆಂದು ಅಲ್ಲಿಯ ವಿಮಾನಯಾನ ಇಲಾಖೆ ವ್ಯಾಖ್ಯಾನಿಸಿದೆ. ಅಂದರೆ ಸರಕಾರವೇ ಕೇಳುತ್ತದೆ, ಈ ಪ್ರಯಾಣದ ಅರ್ಥವೇನು ಎಂದು. ಇಬ್ಬರೂ ಊಟಕ್ಕೆ ಹೋಗುತ್ತಿದ್ದೇವೆ ಎಂದರೆ ಸಾಕು. ಸಮಂತಭದ್ರರು ಕೇಳಿದ ಪ್ರಶ್ನೆಯನ್ನೇ ಅಲ್ಲಿಯ ಕಾನೂನೂ ಕೇಳುತ್ತದೆ. ಆದರೆ ಬಹು ಬೇಗ ತೃಪ್ತಿಪಟ್ಟು ಸುಮ್ಮನಾಗುತ್ತದೆ.

ಖರ್ಚಿನ ಆಕ್ಷೇಪ ನನ್ನದಲ್ಲ. ಇಂತಹ ಸುದ್ದಿ ಕೇಳಿದೊಡನೆ ನಮ್ಮವರು ಮೊದಲು ಆಡುವ ಮಾತು “ಎಷ್ಟು ದುಂದು!” ಎಂದು. ಮದುವೆಯೊಂದರ ಮಂಟಪಕ್ಕೆ, ಒಂದು ಸಂಜೆಯ ದೀಪಾಲಂಕಾರಕ್ಕೆ ನಾವು ಸುರಿಯುವ ಹಣದಲ್ಲಿ ಅವನು ವರ್ಷವಿಡೀ ಊಟಕ್ಕೆ ಹಾರಬಹುದು. ಹಣ ಅವನದು, ಗಳಿಕೆ ಪ್ರಾಮಾಣಿಕ. ಈ ವ್ರತ ಹಣದ ಲೆಕ್ಕವನ್ನು ಕೇಳುವುದೇ ಇಲ್ಲ, ದಂಡ ಯಾರ ಮೇಲೆ ಬಿದ್ದಿತೆಂದು ಕೇಳುತ್ತದೆ.

ಆ ಉತ್ತರ ನನಗೆ ದೊರೆತದ್ದು ಅದೇ ಅಕ್ಟೋಬರ್ ತಿಂಗಳಲ್ಲಿ, ಮಗಳ ಮನೆಯ ವರ್ತಮಾನ ಪತ್ರಿಕೆಯಲ್ಲಿ. ಪಿಸ್ಟನ್ ಎಂಜಿನ್ನಿನ ವಿಮಾನಗಳು ಹೊರಸೂಸುವ ಸೀಸದಿಂದ ಸಾರ್ವಜನಿಕರ ಆರೋಗ್ಯಕ್ಕೆ ಅಪಾಯವಿದೆಯೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಧಿಕೃತವಾಗಿ ತೀರ್ಮಾನಿಸಿದ ವಾರ್ತೆಯದು. ನಾನು ಮೆಚ್ಚಿದ್ದ ಆ ತಿಳಿನೀಲಿ ಬಣ್ಣ ಸೀಸವುಳ್ಳ ವಿಮಾನ ಪೆಟ್ರೋಲಿನ ಗುರುತು. ಎಂಜಿನ್ ಬಡಿದುಕೊಳ್ಳದಿರಲೆಂದು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುವ ಉಪಾಯವನ್ನು ಥಾಮಸ್ ಮಿಜ್ಲಿ ಎಂಬ ಇಂಜಿನಿಯರ್ 1921ರಲ್ಲಿ ಕಂಡುಹಿಡಿದನು. ಅದು ಮಕ್ಕಳ ಮಿದುಳಿಗೆ ಮಾರಕವೆಂದು ತಿಳಿದ ಮೇಲೆ ಜಗತ್ತು ಅದನ್ನು ಕಾರುಗಳಿಂದ ಮೆಲ್ಲಮೆಲ್ಲನೆ ಹೊರಹಾಕಿತು. ಭಾರತದಲ್ಲಿ 2000ದಲ್ಲಿ ಅದರ ಮಾರಾಟ ನಿಂತಿತು; ಕೊನೆಯ ದೇಶವಾದ ಅಲ್ಜೀರಿಯಾದಲ್ಲಿ 2021ರಲ್ಲಿ. ಪುಟ್ಟ ವಿಮಾನಗಳಲ್ಲಿ ಮಾತ್ರ ಅದು ಉಳಿದುಕೊಂಡಿತು. ಅಮೆರಿಕದಲ್ಲಿ ಗಾಳಿಗೆ ಸೇರುವ ಸೀಸದ ಸುಮಾರು ಶೇಕಡಾ 70ರಷ್ಟು ಈ ವಿಮಾನಗಳದೇ ಎಂದು ಆ ಸಂಸ್ಥೆಯ ಲೆಕ್ಕ.

ನಮ್ಮ ಊಟದ ಲೆಕ್ಕವನ್ನೂ ಹಾಕಿದೆ. ಈ ವಿಮಾನ ಗಂಟೆಗೆ ಸುಮಾರು 32 ಲೀಟರ್ ಇಂಧನ ಸುಡುತ್ತದೆ. ಹೋಗಿ ಬರಲು ಎಂಜಿನ್ ಓಡಿದ್ದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ. ಅಂದರೆ 45 ಲೀಟರ್. ಲೀಟರಿಗೆ 0.56 ಗ್ರಾಂವರೆಗೆ ಸೀಸವಿರಬಹುದೆಂದರೆ ನಮ್ಮ ಪಾಲಿಗೆ 25 ಗ್ರಾಂ ಹತ್ತಿರ. ಹಿಡಿಯಷ್ಟೂ ಇಲ್ಲದ ಅಳತೆ. ಆದರೆ ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಬಾಧೆಯಿಲ್ಲ ಎನ್ನುವಂತಹ ಯಾವ ಮಟ್ಟವೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ರಾಜ್ಯದ ಸ್ಯಾನ್ ಹೋಸೆ ನಗರದ ರೀಡ್–ಹಿಲ್‌ವ್ಯೂ ಎಂಬ ಸಣ್ಣ ನಿಲ್ದಾಣದ ಸುತ್ತಣ ಮಕ್ಕಳ ರಕ್ತಪರೀಕ್ಷೆಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನಿಲ್ದಾಣದಿಂದ ಅರ್ಧ ಮೈಲಿಯೊಳಗಿನ ಮಕ್ಕಳ ರಕ್ತದಲ್ಲಿ ದೂರದ ಮಕ್ಕಳಿಗಿಂತ ಹೆಚ್ಚು ಸೀಸ ಕಂಡುಬಂದಿತ್ತು. 2022ರ ಜನವರಿ 1ರಿಂದ ಅಲ್ಲಿಯ ಕೌಂಟಿ ಆಡಳಿತ ಸೀಸದ ಇಂಧನದ ಮಾರಾಟವನ್ನೇ ನಿಲ್ಲಿಸಿತು.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆಯದು. ಇಂಥ ಸಾಧಾರಣ ಎಂಜಿನ್‌ಗಳಲ್ಲಿ ಅನೇಕಕ್ಕೆ ಅಷ್ಟು ಸೀಸದ ಅಗತ್ಯವೇ ಇಲ್ಲ; ಸೀಸವಿಲ್ಲದ, ಸ್ವಲ್ಪ ಕೆಳದರ್ಜೆಯ ಇಂಧನದಿಂದಲೂ ಅವು ಓಡಬಲ್ಲವು. ಅಗತ್ಯವಿರುವುದು ಹೆಚ್ಚು ಶಕ್ತಿಯ, ದೊಡ್ಡ ಎಂಜಿನ್‌ಗಳಿಗೆ. ಆದರೆ ಹೆಚ್ಚಿನ ಸಣ್ಣ ನಿಲ್ದಾಣಗಳಲ್ಲಿ ಇಂಧನದ ತೊಟ್ಟಿ ಒಂದೇ. ಎಲ್ಲರಿಗೂ ಆಗಿಬರುವ ಇಂಧನವೇ ಅದರಲ್ಲಿ ತುಂಬಿರುತ್ತದೆ. ಹೀಗೆ ತನಗೆ ಬೇಡದ ವಿಷವನ್ನು, ತಾನು ಕಾಣದ ಮಗುವಿನ ಮೇಲೆ, ತಾನು ತಿನ್ನದ ಹ್ಯಾಂಬರ್ಗರಿಗಾಗಿ ಒಬ್ಬ ಒಳ್ಳೆಯ ಹುಡುಗ ಸುರಿದು ಬಂದಿದ್ದ. ನಾನು ಪಕ್ಕದಲ್ಲಿ ಕುಳಿತು ದೃಶ್ಯ ನೋಡಿದ್ದೆ. ಮಂದಿರದ ಅಂಗಳದ ಮೇಲೆ ಹಾದುಹೋಗುವ ಸದ್ದು ಆಮೇಲೆ ನನಗೆ ಮೊದಲಿನಂತೆ ಕೇಳಿಸಲಿಲ್ಲ.

ಹಾಗೆಂದು ಅವನನ್ನು ಪಾಪಿಯೆಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಮಗಳನ್ನು ನೋಡಲು ಭೂಮಿಯ ಅರ್ಧ ಸುತ್ತಿನಷ್ಟು ದೂರ ಜೆಟ್ ವಿಮಾನದಲ್ಲಿ ಬಂದವನು ನಾನು. ನನ್ನ ಒಬ್ಬನ ಪಾಲಿನ ಹೊಗೆ ಅವನ ಅನೇಕ ಊಟಗಳ ಹೊಗೆಗೆ ಸಮ. ಆದರೆ ನಾನು ಬಂದದ್ದು ಏತಕ್ಕೆಂದು ಕೇಳಿದರೆ, ಮಗಳನ್ನು ನೋಡಲು ಎಂದು ಹೇಳಬಲ್ಲೆ. ಆ ಉತ್ತರವನ್ನು ತಕ್ಕಡಿಯಲ್ಲಿಟ್ಟು ತೂಗಬಹುದು. ಹಗುರವಾಗಿ ಕಂಡರೆ ಹಗುರ, ಭಾರವಾಗಿ ಕಂಡರೆ ಭಾರ. “ಊಟಕ್ಕೆ” ಎಂಬ ಉತ್ತರವನ್ನು ತೂಗುವುದು ಹೇಗೆ? ಊಟ ಡಬ್ಬಿಯಲ್ಲಿತ್ತು.

ನನಗೆ ತೋರುವ ತೊಡಕು ಇಲ್ಲಿದೆ. ಹಿಂಸೆಯನ್ನು ನಮ್ಮ ಹಿರಿಯರು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದರು. ಮನೆವಾರ್ತೆಯಲ್ಲಿ, ಕಸುಬಿನಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಯಿಂದ ಗೃಹಸ್ಥನು ಪೂರ್ತಿ ಪಾರಾಗಲಾರನೆಂದು ಒಪ್ಪಿದರು. ಶನಿವಾರದ ಹಾರಾಟ ಈ ನಾಲ್ಕರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ಕೊಲ್ಲುವ ಸಂಕಲ್ಪವಿಲ್ಲ, ಕಸುಬೂ ಅಲ್ಲ, ಅಡುಗೆಯೂ ಅಲ್ಲ. ಇಂತಹ ಕ್ರಿಯೆಗಳನ್ನು ಹಿಡಿಯಲೆಂದೇ ಅನರ್ಥದಂಡ ವ್ರತವಿದೆ. ಆದರೆ ಆ ವ್ರತ ಇಂಥದು ಅರ್ಥ, ಇಂಥದು ಅನರ್ಥ ಎಂದು ಎಲ್ಲ ಕಾಲಕ್ಕೂ ಪಟ್ಟಿ ಮಾಡಿಕೊಡುವುದಿಲ್ಲ. ನಿನ್ನ ಅರ್ಥವನ್ನು ನೀನೇ ಹೇಳು ಎನ್ನುತ್ತದೆ. ಅದು ನಡೆಯುವುದು ಹೇಳುವವನ ಪ್ರಾಮಾಣಿಕತೆಯ ಮೇಲೆ. ನೆಪವೆಂಬುದು ಆ ಪ್ರಶ್ನೆ ಹುಟ್ಟುವ ಮೊದಲೇ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟು ಕಳುಹಿಸಿಬಿಡುತ್ತದೆ. “ನನಗೆ ಹಾರುವುದೆಂದರೆ ಪ್ರಾಣ” ಎಂದು ಅವನು ಹೇಳಿದ್ದರೆ ಮಾತು ಬೇರೆಯಾಗುತ್ತಿತ್ತು. ಆಸೆ ಕೆಟ್ಟದ್ದೆಂದು ಕೂಡಲೇ ಹೇಳಲಾಗದು. ಅದಕ್ಕೊಂದು ಪರಿಮಾಣ ಹಾಕಬಹುದು. ತಿಂಗಳಿಗೆ ಎಷ್ಟು ಬಾರಿ, ಯಾವ ಇಂಧನದಿಂದ, ಯಾರ ಮನೆಗಳ ಮೇಲಿಂದ ಎಂದು ಕೇಳಬಹುದು. ನೆಪಕ್ಕೆ ಪರಿಮಾಣ ಹಾಕಲಾಗದು. ಊಟ ದಿನವೂ ಬೇಕಾದದ್ದಲ್ಲವೇ?

ಹೊರಡುವ ಮುನ್ನಾದಿನ ನಾನು ಇದನ್ನೆಲ್ಲ ಅವನ ಮುಂದಿಟ್ಟೆ. ಬಹಳ ಹೊತ್ತು ಸುಮ್ಮನಿದ್ದು, ಮೂರು ಏರಿಕೆ ಇಳಿತಗಳನ್ನು ತನ್ನ ನಿಲ್ದಾಣದ ಸುತ್ತಲೇ ಅರ್ಧ ಗಂಟೆಯಲ್ಲಿ ಮುಗಿಸಬಹುದೆಂದು ಅವನೇ ಒಪ್ಪಿದ. ನಿಯಮಕ್ಕೆ ದ್ವೀಪ ಬೇಕಿಲ್ಲ. ಆದರೆ ಅಪರಿಚಿತ ನೆಲದಲ್ಲಿ ಇಳಿಯುವ, ನೀರು ದಾಟುವ ಕುಶಲತೆ ಹಾಗೆ ಸುತ್ತುವುದರಿಂದ ಬಾರದು ಎಂದೂ ಹೇಳಿದ. ಅದು ನಿಜವಿರಬೇಕು. ಆಮೇಲೆ ತಗ್ಗಿದ ದನಿಯಲ್ಲಿ, “ಕಾಕಾ, ಎಂಜಿನ್ ಶುರುವಾದ ಕೂಡಲೇ ವಾರದ ಚಿಂತೆಯೆಲ್ಲ ಇಳಿದುಹೋಗುತ್ತದೆ. ಅದಕ್ಕೇ ಹೋಗುತ್ತೇನೆ” ಎಂದ. ಆ ಮಾತನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲವಂತೆ.

2024ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, 2031ರ ಜನವರಿ 1ರಿಂದ ಸೀಸದ ವಿಮಾನ ಇಂಧನದ ಮಾರಾಟವನ್ನು ನಿಷೇಧಿಸುವ ಶಾಸನ ಮಾಡಿತು. 2025ರ ಜನವರಿ 2ರಂದು ಫುಲರ್ಟನ್ ನಿಲ್ದಾಣದಿಂದ ಏರಿದ ಪುಟ್ಟ ವಿಮಾನವೊಂದು ಕೂಡಲೇ ಮರಳಲು ಯತ್ನಿಸಿ ಪಕ್ಕದ ಪೀಠೋಪಕರಣಗಳ ಕಟ್ಟಡದ ಮೇಲೆ ಬಿದ್ದು ಅದರಲ್ಲಿದ್ದ ಇಬ್ಬರು ಮೃತಪಟ್ಟರು. ಕಟ್ಟಡದೊಳಗೆ ಕೆಲಸ ಮಾಡುತ್ತಿದ್ದ ಹಲವರು ಗಾಯಗೊಂಡರು. ಮಗಳು ದೂರವಾಣಿಯಲ್ಲಿ ಸುದ್ದಿ ಹೇಳಿದಾಗ ನನ್ನ ಎದೆ ಝಲ್ಲೆಂದಿತು. ನಮ್ಮ ಹುಡುಗನಲ್ಲವೆಂದು ತಿಳಿದ ಮೇಲೂ ಸಮಾಧಾನವಾಗಲಿಲ್ಲ. ಕೆಳಗೆ ಕೆಲಸ ಮಾಡುತ್ತಿದ್ದವರು ಯಾವ ಪ್ರಯಾಣದಲ್ಲಿಯೂ ಪಾಲುದಾರರಾಗಿರಲಿಲ್ಲ.

ಕೆಲವು ದಿನಗಳ ಅನಂತರ ಅವನೇ ಕರೆ ಮಾಡಿದ. ಹಾರುವುದನ್ನು ಬಿಟ್ಟಿಲ್ಲ. ವರ್ಷಕ್ಕೆ ಹನ್ನೆರಡು ಎಂದು ಎಲ್ಲೆ ಹಾಕಿಕೊಂಡಿದ್ದಾನೆ. ಸೀಸವಿಲ್ಲದ ಇಂಧನ ದೊರೆಯುವ ನಿಲ್ದಾಣವೊಂದನ್ನು ಹುಡುಕುತ್ತಿದ್ದಾನೆ. ಹೊರಡುವಾಗ ಈಗ ಯಾರಾದರೂ ಏತಕ್ಕೆ ಎಂದು ಕೇಳಿದರೆ “ಹಾರಲಿಕ್ಕೆ” ಎನ್ನುತ್ತಾನಂತೆ. ಹನ್ನೆರಡು ಹೆಚ್ಚೋ ಕಡಿಮೆಯೋ ಎಂದು ನನ್ನ ಅಭಿಪ್ರಾಯ ಕೇಳಿದ. ನಾನು ಉತ್ತರ ಹುಡುಕುತ್ತಿರುವಾಗಲೇ, “ನೀವು ವರ್ಷಕ್ಕೆ ಎಷ್ಟು ಸಲ ಕಾರಿನಲ್ಲಿ ಕುಂಥಲಗಿರಿಗೆ ಹೋಗುತ್ತೀರಿ ಕಾಕಾ?” ಎಂದು ಕೇಳಿದ.

ನಮ್ಮ ಓಣಿಯಿಂದ ಒಂದೇ ಭಾನುವಾರ ನಾಲ್ಕು ಕಾರುಗಳು, ಒಂದೊಂದರಲ್ಲಿ ಇಬ್ಬಿಬ್ಬರೇ ಕುಳಿತು, ಕುಂಥಲಗಿರಿಗೆ ಹೋದದ್ದಿದೆ. ದಾರಿಯ ಢಾಬಾದಲ್ಲಿ ನಿಲ್ಲಿಸಿ ಬಿಸಿ ಜಿಲೇಬಿ ತಿಂದು, ಫೋಟೋ ತೆಗೆದುಕೊಂಡು, ದರ್ಶನವನ್ನು ಕಾಲು ಗಂಟೆಯಲ್ಲಿ ಮುಗಿಸಿ ಬಂದದ್ದಿದೆ. ಅಲ್ಲಿ ಯಾವುದಕ್ಕೆ ಯಾವುದು ನೆಪವಾಗಿತ್ತೆಂದು ಹೇಳಲು ನನಗೂ ನನ್ನ ಶ್ರೀಮತಿಗೂ ಇನ್ನೂ ಸಾಧ್ಯವಾಗಿಲ್ಲ. ಎಣಿಸಿ ಹೇಳುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ಚಾತುರ್ಮಾಸ ಸಮೀಪಿಸುತ್ತಿದೆ. ಸಂಖ್ಯೆಯನ್ನು ಇನ್ನೂ ಕಳುಹಿಸಿಲ್ಲ.